ಮಾರ್ಚ್ ರಜೆಗೆ ಡಲ್ಲಾಸ್‌ನಿಂದ ಕಾರಿನಲ್ಲಿ ಯಾವ ದಿಕ್ಕಿಗೆ ಹೊರಡುವುದು ಸರಿ?

ಪ್ರಶ್ನೆ

ನಾವು ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೊದಲ್ಲಿ ವಾಸವಾಗಿದ್ದೇವೆ. ಮಾರ್ಚ್‌ನಲ್ಲಿ ಮಕ್ಕಳ ಶಾಲೆಗೆ ಒಂದು ವಾರದ ಸ್ಪ್ರಿಂಗ್ ಬ್ರೇಕ್ ಇದೆ. ಕಳೆದ ಎರಡು ವರ್ಷ ಈ ವಾರವನ್ನು ಮನೆಯಲ್ಲೇ ಕಳೆದು, ಅಕ್ಕಪಕ್ಕದವರ ಫೋಟೊ ನೋಡಿ ಮಕ್ಕಳ ಮುಖ ಸಪ್ಪಗಾದದ್ದನ್ನು ಕಂಡಿದ್ದರಿಂದ, ಈ ಸಲ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಐದು ಜನರ ವಿಮಾನದ ದರ ನೋಡಿದ ಮೇಲೆ ಕಾರೇ ಗತಿ ಎಂಬುದೂ ನಿಶ್ಚಯವಾಯಿತು.

ಹೊರಡುವವರು ನಾನು, ನನ್ನ ಹೆಂಡತಿ, ಹದಿನಾಲ್ಕು ವರ್ಷದ ಮಗ, ನಾಲ್ಕನೆಯ ತರಗತಿಯಲ್ಲಿರುವ ಮಗಳು, ಮತ್ತು ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿರುವ ನನ್ನ ತಾಯಿ. ತಾಯಿಗೆ ಅರುವತ್ತೆಂಟು, ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಮತ್ತು ಏರು ಕಂಡರೆ ಮಂಡಿ ಮುಷ್ಕರ ಹೂಡುತ್ತದೆ. ಶನಿವಾರ ಬೆಳಿಗ್ಗೆ ಹೊರಟು ಗುರುವಾರ ರಾತ್ರಿಯೊಳಗೆ ಮನೆ ಸೇರಬೇಕೆಂಬುದು ಲೆಕ್ಕ, ಅಂದರೆ ಐದು ರಾತ್ರಿ. ಒಂದು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಚಾಲನೆ ನನ್ನಿಂದ ಆಗದು. ಹೆಂಡತಿ ಹೆದ್ದಾರಿಯಲ್ಲಿ ಓಡಿಸುತ್ತಾಳೆ, ಆದರೆ ಕತ್ತಲಾದ ಮೇಲೆ ಸ್ಟೀರಿಂಗ್ ಮುಟ್ಟುವುದಿಲ್ಲ. ಡೇರೆಯಲ್ಲಿ ಮಲಗುವ ಮಾತೇ ಎತ್ತಬೇಡಿರೆಂದು ಮೊದಲೇ ತಿಳಿಸಿದ್ದಾಳೆ.

ನಮ್ಮ ಪಟ್ಟಿಯಲ್ಲಿ ನಾಲ್ಕು ಜಾಗಗಳಿವೆ: ಪಶ್ಚಿಮ ಟೆಕ್ಸಾಸ್‌ನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ, ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಗುಹೆ ಮತ್ತು ವೈಟ್ ಸ್ಯಾಂಡ್ಸ್ ಎಂಬ ಬಿಳಿ ಮರಳುದಿಣ್ಣೆಗಳು, ಅರ್ಕಾನ್ಸಾದ ಬಿಸಿನೀರ ಬುಗ್ಗೆಗಳ ಊರು ಹಾಟ್ ಸ್ಪ್ರಿಂಗ್ಸ್, ಮತ್ತು ದಕ್ಷಿಣದ ಸೌತ್ ಪಾಡ್ರೆ ಕಡಲತೀರ. ಮಗನಿಗೆ ಮರುಭೂಮಿಯ ನಕ್ಷತ್ರಗಳು ಬೇಕು, ಮಗಳಿಗೆ ಮರಳಿನ ಮೇಲೆ ಜಾರಬೇಕು, ತಾಯಿಗೆ ಎಲ್ಲರೂ ಒಟ್ಟಿಗಿದ್ದರೆ ಸಾಕು. ಯಾವ ಜಾಗ ಹೆಚ್ಚು ಸುಂದರ ಎಂಬುದು ನನ್ನ ಪ್ರಶ್ನೆಯಲ್ಲ. ಮಾರ್ಚ್ ತಿಂಗಳಿನಲ್ಲಿ, ಇಂಥ ಕುಟುಂಬವನ್ನು ಕಟ್ಟಿಕೊಂಡು, ಇಷ್ಟು ದಿನದೊಳಗೆ ಯಾವುದನ್ನು ಆರಿಸುವುದು ವಿವೇಕ, ಯಾವ ಕಾರಣಕ್ಕೆ ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಈ ನಾಲ್ಕರಲ್ಲಿ ಮೂರಕ್ಕೆ ಇದೇ ರಜೆಯ ವಾರದಲ್ಲಿ ಹೋಗಿಬಂದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಜಾಗದ ಫೋಟೊಗಳನ್ನು ಬದಿಗಿಟ್ಟು ಮೊದಲು ಕಾರಿನೊಳಗಿನ ಗಂಟೆಗಳನ್ನು ಎಣಿಸಿ. ನಕ್ಷೆಯಲ್ಲಿ ತೋರುವ ಸಮಯಕ್ಕೆ ಊಟ, ಇಂಧನ, ಶೌಚಾಲಯವೆಂದು ಕಾಲು ಭಾಗ ಸೇರಿಸಬೇಕು, ಹಿರಿಯರಿದ್ದರೆ ಇನ್ನಷ್ಟು.

ಈ ಲೆಕ್ಕದಲ್ಲಿ ಬಿಗ್ ಬೆಂಡ್ ಮೊದಲು ಬಿದ್ದುಹೋಗುತ್ತದೆ. ಪ್ಲೇನೊದಿಂದ ಅಲ್ಲಿಗೆ ಬರಿಯ ಚಾಲನೆಯೇ ಒಂಬತ್ತು ಗಂಟೆ ಮೀರುತ್ತದೆ, ಉದ್ಯಾನದೊಳಗೂ ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟೆಗಟ್ಟಲೆ ಓಡಾಡಬೇಕು. ಅದಕ್ಕಿಂತ ಮುಖ್ಯವಾಗಿ, ಇಡೀ ವರ್ಷದಲ್ಲಿ ಅಲ್ಲಿ ಅತಿ ಹೆಚ್ಚು ಜನ ಸೇರುವುದು ಇದೇ ವಾರದಲ್ಲಿ, ಕೋಣೆಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ಕೊನೆಗೆ ಕೋಣೆ ಸಿಕ್ಕುವುದು ಆಲ್ಪೈನ್ ಊರಿನಲ್ಲಿ. ಅಲ್ಲಿಂದ ಉದ್ಯಾನದ ನಡುಮಧ್ಯಕ್ಕೆ ಸುಮಾರು 100 ಮೈಲಿ. ನಕ್ಷತ್ರ ನೋಡಿದ ಮೇಲೆ ಕಾಡುಹಂದಿ, ಜಿಂಕೆಗಳು ಅಡ್ಡಬರುವ ರಸ್ತೆಯಲ್ಲಿ ಮಧ್ಯರಾತ್ರಿ ಅಷ್ಟು ದೂರ ಓಡಿಸುವವರು ನೀವೊಬ್ಬರೇ ಆಗುತ್ತೀರಿ. ಸೌತ್ ಪಾಡ್ರೆಯ ವಿಷಯದಲ್ಲಿ ಎರಡೇ ಮಾತು: ದೂರ ಅಷ್ಟೇ, ಮತ್ತು ಆ ವಾರ ಅದು ಕಾಲೇಜು ಹುಡುಗರ ದ್ವೀಪ.

ನನ್ನ ಆಯ್ಕೆ ನ್ಯೂ ಮೆಕ್ಸಿಕೊ. ಕಾರ್ಲ್ಸ್‌ಬ್ಯಾಡ್‌ಗೆ ಸುಮಾರು ಏಳೂವರೆ ಗಂಟೆ. ಅಬಿಲೀನ್‌ವರೆಗೆ ಹೆದ್ದಾರಿ 20 ಹಿಡಿದು, ಅಲ್ಲಿಂದ ಸ್ನೈಡರ್, ಲಮೀಸಾ, ಸೆಮಿನೋಲ್, ಹಾಬ್ಸ್ ಮೇಲೆ ಹಾಯುವ 180ನ್ನು ಹಿಡಿಯಿರಿ. ಪೀಕೋಸ್ ಕಡೆಯಿಂದ ಬರುವ 285ನ್ನು ಫೋನು ಸೂಚಿಸಿದರೂ ಕೇಳಬೇಡಿ, ತೈಲಬಾವಿಗಳ ಭಾರೀ ಲಾರಿಗಳು ಆ ರಸ್ತೆಯನ್ನು ಅಪಾಯಕ್ಕೆ ಹೆಸರುವಾಸಿ ಮಾಡಿಬಿಟ್ಟಿವೆ. ಇದೇ ತೈಲದ ಕಾರಣದಿಂದ ಕಾರ್ಲ್ಸ್‌ಬ್ಯಾಡ್ ಊರಿನ ಹೋಟೆಲುಗಳಲ್ಲಿ ಒಂದು ತಲೆಕೆಳಗಾದ ನಿಯಮ ಕಂಡೆ: ಕೆಲಸಗಾರರು ತಂಗುವ ವಾರದ ದಿನಗಳಲ್ಲಿ ಬಾಡಿಗೆ ಹೆಚ್ಚು, ಅವರು ಮನೆಗೆ ಹೋಗುವ ಶನಿವಾರ, ಭಾನುವಾರ ಕಡಿಮೆ. ನೀವು ಶನಿವಾರ ಹೊರಡುವುದರಿಂದ ಇದು ನಿಮಗೆ ಅನುಕೂಲ. ಶನಿವಾರ ಮತ್ತು ಭಾನುವಾರ ರಾತ್ರಿ ಅಲ್ಲೇ ಇರಿ.

ಗುಹೆಗೆ ಪ್ರವೇಶದ ಸಮಯವನ್ನು ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಬೇಕು, ಅದಕ್ಕೆ ತಲೆಗೆ 1 ಡಾಲರ್. ಹದಿನಾರು ದಾಟಿದವರಿಗೆ ಪ್ರವೇಶಶುಲ್ಕ 15 ಡಾಲರ್ ಬೇರೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಉಚಿತ ಪಾಸ್ ದೊರೆಯುತ್ತದೆ, ಜೊತೆಗಿರುವ ಮೂವರು ವಯಸ್ಕರೂ ಅದರಲ್ಲೇ ಒಳಗೆ ಹೋಗಬಹುದು. ಈ ಪಾಸನ್ನು ಕಾಗದದಲ್ಲಿ ಮುದ್ರಿಸಿ ಒಯ್ಯುವುದು ಒಳ್ಳೆಯದು. ವೈಟ್ ಸ್ಯಾಂಡ್ಸ್‌ನಲ್ಲಿ ಕಾರಿಗೆ 25 ಡಾಲರ್ ಇರುವುದರಿಂದ, ಎರಡೂ ಸೇರಿ ನಿಮ್ಮ ಮಗಳು ಮನೆಯವರಿಗೆ 70 ಡಾಲರ್ ಉಳಿಸಿಕೊಡುತ್ತಾಳೆ. ಈ ಮಾತನ್ನು ಅವಳಿಗೆ ಹೇಳಿ ನೋಡಿ, ದಾರಿಯುದ್ದಕ್ಕೂ ಯಜಮಾನಿಕೆ ನಡೆಸುತ್ತಾಳೆ.

ಗುಹೆಯೊಳಗೆ ಇಳಿಯಲು ಎರಡು ದಾರಿಗಳಿವೆ. ಸಹಜ ಬಾಯಿಯಿಂದ ಒಂದೂಕಾಲು ಮೈಲಿಯಷ್ಟು ಸುತ್ತುಸುತ್ತಾಗಿ ಇಳಿದರೆ 750 ಅಡಿ ಕೆಳಗೆ ಸೇರುತ್ತೀರಿ. ಮಗನನ್ನು ಕರೆದುಕೊಂಡು ನಿಮ್ಮಿಬ್ಬರಲ್ಲೊಬ್ಬರು ಹಾಗೆ ಇಳಿಯಿರಿ. ತಾಯಿ ಮತ್ತು ಉಳಿದವರು ಲಿಫ್ಟಿನಲ್ಲಿ ಒಂದೇ ನಿಮಿಷದಲ್ಲಿ ಅದೇ ಆಳ ಮುಟ್ಟುತ್ತಾರೆ. ಕೆಳಗಿನ ದೊಡ್ಡ ಕೋಣೆಯ ಒಂದು ಭಾಗ ಗಾಲಿಕುರ್ಚಿ ಹೋಗುವಷ್ಟು ಸಮವಾಗಿದೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ವರ್ಷವಿಡೀ 56 ಡಿಗ್ರಿ ಫ್ಯಾರನ್‌ಹೀಟ್, ಆದ್ದರಿಂದ ತಾಯಿಗೆ ಸ್ವೆಟರ್ ಇರಲಿ. ಬೇರೆ ಯಾವುದಾದರೂ ಗುಹೆಗೆ ಹಾಕಿಕೊಂಡು ಹೋಗಿದ್ದ ಬೂಟುಗಳನ್ನು ಮಾತ್ರ ತರಬೇಡಿ: ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರವೊಂದು ಪಾದರಕ್ಷೆಗಳಿಗೆ ಅಂಟಿಕೊಂಡು ಗುಹೆಯಿಂದ ಗುಹೆಗೆ ಹರಡುತ್ತದೆ. ಸಂಜೆ ಲಕ್ಷಾಂತರ ಬಾವಲಿಗಳು ಹೊರಹಾರುವ ದೃಶ್ಯವನ್ನು ತೋರಿಸುವುದಾಗಿ ಮಕ್ಕಳಿಗೆ ಮಾತು ಕೊಡಬೇಡಿ. ಅವು ಚಳಿಗಾಲವನ್ನು ಮೆಕ್ಸಿಕೊದಲ್ಲಿ ಕಳೆಯುತ್ತವೆ, ಮಾರ್ಚ್ ಎರಡನೆಯ ವಾರಕ್ಕೆ ಇನ್ನೂ ಹಿಂತಿರುಗಿರುವುದಿಲ್ಲ.

ಸೋಮವಾರ ಆರ್ಟೀಸಿಯಾ ಮೂಲಕ 82ನೆಯ ಹೆದ್ದಾರಿ ಹಿಡಿದು ಅಲಮೊಗೋರ್ಡೊಗೆ ಹೋಗಿ. ಮೂರು ಗಂಟೆಯ ಈ ದಾರಿ ನಿಮ್ಮ ಪ್ರವಾಸದ ಅತ್ಯುತ್ತಮ ಭಾಗವಾದರೆ ನನಗೆ ಆಶ್ಚರ್ಯವಿಲ್ಲ. ಬೋಳು ಬಯಲಿನಿಂದ ಮೆಲ್ಲಗೆ ಏರುತ್ತ 8,600 ಅಡಿ ಎತ್ತರದ ಕ್ಲೌಡ್‌ಕ್ರಾಫ್ಟ್ ತಲುಪುವಾಗ ಸುತ್ತ ಪೈನ್ ಕಾಡು, ನೆರಳಿನಲ್ಲಿ ಹಿಮವೂ ಇರಬಹುದು. ಅಲ್ಲಿಂದ ಹದಿನಾರೇ ಮೈಲಿಯಲ್ಲಿ ರಸ್ತೆ 4,300 ಅಡಿ ಇಳಿಯುತ್ತದೆ. ಸುರಂಗ ದಾಟಿ ಹೊರಬಂದಾಗ ದೂರದ ಕಣಿವೆಯ ತಳದಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ, ಅದೇ ವೈಟ್ ಸ್ಯಾಂಡ್ಸ್. ಬ್ರೇಕನ್ನು ಒತ್ತಿ ಹಿಡಿದೇ ಇಳಿಯಬೇಡಿ, ಕೆಳಗಿನ ಗೇರಿನಲ್ಲಿ ಇಳಿಯಿರಿ. ನಾನು ಮೊದಲ ಸಲ ಹೋದಾಗ ಅರ್ಧ ದಾರಿಗೇ ಬ್ರೇಕು ಸುಟ್ಟ ವಾಸನೆ ಬಂದು, ಪಕ್ಕಕ್ಕೆ ನಿಲ್ಲಿಸಿ ನಲವತ್ತು ನಿಮಿಷ ಕಾಯಬೇಕಾಯಿತು.

ಉತ್ತರ 2

ಮೇಲಿನವರ ಅನುಭವಕ್ಕೆ ಗೌರವವಿದ್ದರೂ ನಾನು ಒಪ್ಪುವುದಿಲ್ಲ. ದಿನಕ್ಕೆ ಎಂಟು ಗಂಟೆಯ ಮಿತಿಯೆಂದು ಪ್ರಶ್ನಿಸಿದವರೇ ಬರೆದಿದ್ದಾರೆ. ಅದು ಓಡಿಸುವವರ ಮಿತಿ, ಹಿಂದಿನ ಸೀಟಿನಲ್ಲಿ ಮಂಡಿ ಮಡಿಸಿ ಕೂರುವ ತಾಯಿಯ ಮಿತಿಯಲ್ಲ. ಅವರನ್ನು ಯಾರಾದರೂ ಕೇಳಿದ್ದೀರಾ?

ಹಾಟ್ ಸ್ಪ್ರಿಂಗ್ಸ್ ಸುಮಾರು 290 ಮೈಲಿ, ನಾಲ್ಕೂವರೆ ಗಂಟೆಯ ದಾರಿ. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಐದು ರಾತ್ರಿಯೂ ಒಂದೇ ಮನೆಯನ್ನು ಬಾಡಿಗೆಗೆ ಹಿಡಿದು, ಅನ್ನ ಸಾರು ಮಾಡಿಕೊಂಡು, ಪೆಟ್ಟಿಗೆಗಳನ್ನು ಒಮ್ಮೆ ಬಿಚ್ಚಿದರೆ ಸಾಕು. ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶಶುಲ್ಕವೇ ಇಲ್ಲ. ಊರಿನ ಮುಖ್ಯ ಬೀದಿಯಲ್ಲಿ ಸಾಲಾಗಿ ನಿಂತಿರುವ ಹಳೆಯ ಸ್ನಾನಗೃಹಗಳ ನಡುವೆ ತಾಯಿ ಯಾವ ಏರೂ ಇಲ್ಲದೆ ನಡೆದಾಡಬಹುದು. ಅಲ್ಲಿ ಚಿಮ್ಮುವ ನೀರಿನ ಬಿಸಿ 143 ಡಿಗ್ರಿ ಫ್ಯಾರನ್‌ಹೀಟ್, ಮತ್ತು ಅದು 4,000 ವರ್ಷಗಳಿಗೂ ಹಿಂದೆ ಮಳೆಯಾಗಿ ಸುರಿದು, ನೆಲದಾಳಕ್ಕೆ ಇಳಿದು, ಕಾದು ಮೇಲೆ ಬಂದ ನೀರು. ಸಾರ್ವಜನಿಕ ನಲ್ಲಿಗಳಲ್ಲಿ ಜನ ಅದನ್ನು ಕೊಡಗಟ್ಟಲೆ ಹಿಡಿದು ಒಯ್ಯುತ್ತಾರೆ. ನನ್ನ ಅತ್ತೆ ಆ ಬಿಸಿನೀರನ್ನು ಲೋಟದಲ್ಲಿ ಹಿಡಿದು ಮೊದಲು ಕಣ್ಣಿಗೊತ್ತಿಕೊಂಡು ಆಮೇಲೆ ಕುಡಿದರು. ಪ್ರವಾಸದ ಮಿಕ್ಕ ಯಾವುದೂ ಅವರಿಗೆ ಅಷ್ಟು ನೆನಪಿಲ್ಲ. ಸ್ನಾನಗೃಹಗಳಲ್ಲಿ ಮಕ್ಕಳಿಗೆ ವಯಸ್ಸಿನ ಮಿತಿ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಮಗಳಿಗೆ ಮರಳಿನ ಬದಲು ವಜ್ರ ತೋರಿಸಿ. ಒಂದು ಗಂಟೆಯ ದೂರದಲ್ಲಿರುವ ಮರ್ಫ್ರೀಸ್‌ಬರೊದಲ್ಲಿ ಕ್ರೇಟರ್ ಆಫ್ ಡೈಮಂಡ್ಸ್ ಎಂಬ ರಾಜ್ಯ ಉದ್ಯಾನವಿದೆ. ಹಳೆಯ ಜ್ವಾಲಾಮುಖಿಯ ಬಾಯಿ ಸವೆದು ಉಂಟಾದ 37 ಎಕರೆ ಹೊಲವನ್ನು ಅವರು ಆಗಾಗ ಉತ್ತು ಬಿಟ್ಟಿರುತ್ತಾರೆ, ಯಾರು ಬೇಕಾದರೂ ಹುಡುಕಬಹುದು, ಸಿಕ್ಕಿದ್ದು ಸಿಕ್ಕಿದವರದು. 1924ರಲ್ಲಿ ಇದೇ ನೆಲದಲ್ಲಿ 40 ಕ್ಯಾರಟ್ಟಿನ ವಜ್ರ ದೊರೆತಿತ್ತು. ಮಳೆ ಬಂದ ಮರುದಿನ ಹೋಗುವುದು ಉತ್ತಮ, ಏಕೆಂದರೆ ವಜ್ರಕ್ಕೆ ಕೆಸರು ಅಂಟುವುದಿಲ್ಲ, ತೊಳೆದ ನೆಲದ ಮೇಲೆ ಬಿಸಿಲು ಬಿದ್ದಾಗ ಅದು ತಾನಾಗಿ ಮಿನುಗುತ್ತದೆ. ನಮಗೇನೂ ಸಿಗಲಿಲ್ಲ. ಆದರೆ ನನ್ನ ಮಗ ಜರಡಿ ಹಿಡಿದು ಐದು ಗಂಟೆ ಫೋನನ್ನು ಕೇಳದೆ ಕೂತಿದ್ದ.

ಒಂದು ಎಚ್ಚರಿಕೆ: ಮಾರ್ಚ್‌ನಲ್ಲಿ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಕುದುರೆ ಜೂಜಿನ ಋತು ನಡೆಯುತ್ತಿರುತ್ತದೆ, ಆದ್ದರಿಂದ ಶನಿವಾರ ರಾತ್ರಿ ಕೋಣೆ ಸಿಗುವುದು ಕಷ್ಟ. ಭಾನುವಾರ ಹೊರಡುವಂತೆ ಹೊಂದಿಸಿಕೊಳ್ಳಿ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಎರಡನೆಯ ಉತ್ತರ ಓದಿ ನಾಚಿಕೆಯಾಗಿ ತಾಯಿಯನ್ನು ಕೇಳಿದೆ. “ಬಿಸಿನೀರು ನಮ್ಮ ಮನೆ ಹಂಡೆಯಲ್ಲೂ ಕಾಯುತ್ತಿತ್ತು, ನೆಲದೊಳಗೆ ಎಪ್ಪತ್ತೆಂಬತ್ತು ಅಂತಸ್ತು ಇಳಿಯುವ ಲಿಫ್ಟ್ ನೋಡಿಲ್ಲ” ಎಂದರು. ಹೀಗಾಗಿ ಮನೆಯ ಒಲವು ಪಶ್ಚಿಮಕ್ಕೆ ತಿರುಗಿದೆ. ಆದರೂ ಎರಡು ಅನುಮಾನಗಳು ಉಳಿದಿವೆ. ಮೊದಲನೆಯದು, ವಸಂತದಲ್ಲಿ ಈ ಪ್ರದೇಶದ ಹವಾಮಾನವನ್ನು ಎಷ್ಟು ನಂಬಬಹುದು? ಎರಡನೆಯದು, ವೈಟ್ ಸ್ಯಾಂಡ್ಸ್ ಬಳಿ ಗಡಿ ಪಹರೆಯವರ ತಪಾಸಣೆ ಇರುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾವು ಎಚ್-1ಬಿ ಎಂಬ ಉದ್ಯೋಗ ವೀಸಾದವರು, ತಾಯಿಯದು ಸಂದರ್ಶಕ ವೀಸಾ. ಏನೇನು ಒಯ್ಯಬೇಕು?

ಉತ್ತರ 3

ತಪಾಸಣೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಪಹರೆಯ ಠಾಣೆಗಳು ಗಡಿಯ ಮೇಲಷ್ಟೇ ಅಲ್ಲ, ಗಡಿಯಿಂದ ಹತ್ತಾರು ಮೈಲಿ ಒಳಗೂ ಇರುತ್ತವೆ. ವೈಟ್ ಸ್ಯಾಂಡ್ಸ್‌ನ ಪಶ್ಚಿಮಕ್ಕೆ ಹೆದ್ದಾರಿ 70ರಲ್ಲಿ ಒಂದಿದೆ, ಅಲಮೊಗೋರ್ಡೊದ ದಕ್ಷಿಣಕ್ಕೆ 54ರಲ್ಲಿ ಇನ್ನೊಂದಿದೆ. ನೀವು ಕ್ಲೌಡ್‌ಕ್ರಾಫ್ಟ್ ಕಡೆಯಿಂದ ಬಂದು ಉತ್ತರದ ದಾರಿಯಲ್ಲಿ ಮರಳಿದರೆ ಇವೆರಡೂ ಸಿಗದಿರಬಹುದು. ಆದರೂ ಮಗ ಲಾಸ್ ಕ್ರೂಸಿಸ್ ನೋಡೋಣವೆಂದು ಹಟ ಹಿಡಿದ ಕ್ಷಣದಲ್ಲಿ ಕಾಗದಗಳು ಮನೆಯ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ.

ಹದಿನೆಂಟು ದಾಟಿದ ವಿದೇಶಿ ಪ್ರಜೆಗಳು ತಮ್ಮ ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಇಲ್ಲಿಯ ಕಾನೂನು. ಪ್ರವಾಸವೆಂದಲ್ಲ, ಪ್ಲೇನೊದ ತರಕಾರಿ ಅಂಗಡಿಗೆ ಹೋದಾಗಲೂ ಅದು ಅನ್ವಯಿಸುತ್ತದೆ. ಐದೂ ಜನರ ಮೂಲ ಪಾಸ್‌ಪೋರ್ಟ್, ಇತ್ತೀಚಿನ ಐ-94ರ (ದೇಶದೊಳಗೆ ಬಂದ ಪ್ರವೇಶ ದಾಖಲೆಯ) ಮುದ್ರಿತ ಪ್ರತಿ, ನಿಮ್ಮ ಎಚ್-1ಬಿಯ ಐ-797 ಅನುಮೋದನಾ ಪತ್ರ ಇಷ್ಟನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಮುಂದಿನ ಸೀಟಿನ ಎದುರಿನ ಗೂಡಿನಲ್ಲಿಡಿ, ಡಿಕ್ಕಿಯಲ್ಲಿರುವ ಪೆಟ್ಟಿಗೆಯ ತಳದಲ್ಲಿ ಬೇಡ. ತಾಯಿಯ ವಿಷಯದಲ್ಲಿ ಗಮನಿಸಬೇಕಾದದ್ದು ವೀಸಾ ಮುದ್ರೆಯ ಕೊನೆಯ ದಿನಾಂಕವನ್ನಲ್ಲ, ಐ-94ರಲ್ಲಿರುವ ದಿನಾಂಕವನ್ನು. ಅವರು ಇಲ್ಲಿ ಎಂದಿನವರೆಗೆ ಇರಬಹುದೆಂಬುದನ್ನು ನಿರ್ಧರಿಸುವುದು ಅದೇ. ಅಧಿಕಾರಿ ನೇರವಾಗಿ ಅವರನ್ನೇ ಮಾತನಾಡಿಸಬಹುದಾದ್ದರಿಂದ, ಎಲ್ಲಿಂದ ಬಂದಿರಿ, ಯಾವಾಗ ಹಿಂತಿರುಗುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಹೇಳಿಕೊಡಿ. ನಮ್ಮ ತಂದೆಯವರು “ಎಲ್ಲಿಂದ ಬಂದಿರಿ?” ಎಂಬುದಕ್ಕೆ “ಹೋಟೆಲಿನಿಂದ” ಎಂದಿದ್ದರು. ಅಧಿಕಾರಿ ನಕ್ಕು ಕಳಿಸಿದ, ನನಗೆ ಮಾತ್ರ ಮುಂದಿನ ಹತ್ತು ಮೈಲಿ ನಗು ಬರಲಿಲ್ಲ.

ಉತ್ತರ 1 ಬರೆದವರು

ಹವಾಮಾನದ ಬಗ್ಗೆ ಹೇಳುವುದಾದರೆ, ಮಾರ್ಚ್‌ನಲ್ಲಿ ಅರ್ಕಾನ್ಸಾದ ಕಡೆ ಗುಡುಗು ಮಳೆ ಮತ್ತು ಸುಂಟರಗಾಳಿಯ ಭಯ, ನ್ಯೂ ಮೆಕ್ಸಿಕೊದ ಕಡೆ ಒಣಗಾಳಿ ಮತ್ತು ಧೂಳಿನ ಭಯ. ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬಲವಾಗುತ್ತದೆ, ಆದ್ದರಿಂದ ದೂರದ ಚಾಲನೆಯನ್ನೂ ಮರಳಿನ ಆಟವನ್ನೂ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಧೂಳಿನ ಗೋಡೆ ಎದುರಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ, ಎಲ್ಲ ದೀಪಗಳನ್ನೂ ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕೂರಬೇಕು. ದೀಪ ಹೊತ್ತಿಸಿಟ್ಟರೆ ಹಿಂದಿನಿಂದ ಬರುವವನು ಅದನ್ನೇ ಮುಂದೆ ಹೋಗುತ್ತಿರುವ ವಾಹನವೆಂದು ತಿಳಿದು ನೇರವಾಗಿ ನಿಮ್ಮ ಮೇಲೇ ಬರುತ್ತಾನೆ. ಇದು ನಮ್ಮ ಸಹಜಬುದ್ಧಿಗೆ ವಿರುದ್ಧವಾದ್ದರಿಂದ ನಿಮ್ಮ ಹೆಂಡತಿಗೂ ಹೇಳಿಡಿ.

ವೈಟ್ ಸ್ಯಾಂಡ್ಸ್ ಸುತ್ತ ಸೇನೆಯ ಕ್ಷಿಪಣಿ ಪರೀಕ್ಷಾ ವಲಯವಿದೆ. ಪರೀಕ್ಷೆ ನಡೆಯುವಾಗ ಉದ್ಯಾನದ ರಸ್ತೆಯನ್ನು ಕೆಲವೊಮ್ಮೆ ಮೂರು ಗಂಟೆಯವರೆಗೂ ಮುಚ್ಚುತ್ತಾರೆ. ಉದ್ಯಾನದ ಜಾಲತಾಣದಲ್ಲಿ ಮುಂಚಿತವಾಗಿ ಪ್ರಕಟಿಸುತ್ತಾರೆ, ಹಿಂದಿನ ರಾತ್ರಿ ನೋಡಿಕೊಳ್ಳಿ. ಸೋಮವಾರ ಮತ್ತು ಮಂಗಳವಾರ ಎರಡೂ ರಾತ್ರಿ ಅಲಮೊಗೋರ್ಡೊದಲ್ಲಿದ್ದರೆ ಒಂದು ಹೊತ್ತು ಗಾಳಿಗೋ ಕ್ಷಿಪಣಿಗೋ ಹೋದರೂ ಇನ್ನೊಂದು ಹೊತ್ತು ಉಳಿಯುತ್ತದೆ. ತಾಯಿಗೆ ದಿಣ್ಣೆ ಹತ್ತುವ ಅಗತ್ಯವಿಲ್ಲ, ದಿಣ್ಣೆಗಳ ನಡುವೆ ಹಲಗೆ ಹಾಸಿದ ಕಾಲುದಾರಿಯೊಂದು ಸುಮಾರು ಕಾಲು ಮೈಲಿ ಒಳಗೆ ಹೋಗುತ್ತದೆ. ಈ ಮರಳು ಜಿಪ್ಸಮ್ ಆಗಿರುವುದರಿಂದ ಬಿಸಿಲಿನಲ್ಲೂ ಕಾಲು ಸುಡುವುದಿಲ್ಲ, ಚಪ್ಪಲಿ ಬಿಟ್ಟು ಒಂದೆರಡು ಹೆಜ್ಜೆ ಇಡಲು ಹೇಳಿ. ಬುಧವಾರ ರೂಯಿಡೋಸೊ, ರಾಸ್ವೆಲ್ ಹಾದು ಲಬಕ್‌ನಲ್ಲಿ ತಂಗಿದರೆ ಐದು ಗಂಟೆ, ಗುರುವಾರ ಅಲ್ಲಿಂದ ಮನೆಗೆ ಮತ್ತೆ ಐದೂವರೆ.

ಗಡಿಯಾರದ ಬಗ್ಗೆ ಒಂದು ತಮಾಷೆ. ನ್ಯೂ ಮೆಕ್ಸಿಕೊ ನಮಗಿಂತ ಒಂದು ಗಂಟೆ ಹಿಂದೆ; ಮಾರ್ಚ್‌ನ ಎರಡನೆಯ ಭಾನುವಾರ ದೇಶದ ಬಹುಪಾಲು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ. ನಿಮ್ಮ ರಜೆ ಆ ವಾರಾಂತ್ಯಕ್ಕೇ ಆರಂಭವಾಗುವುದಾದರೆ, ಕಾರಿನ ಹಳೆಯ ಗಡಿಯಾರವನ್ನು ಮುಟ್ಟದೆ ಬಿಡಿ, ಭಾನುವಾರ ಬೆಳಿಗ್ಗೆ ಗುಹೆಯ ಬಾಗಿಲಿನಲ್ಲಿ ಅದು ಸರಿಯಾದ ಸಮಯವನ್ನೇ ತೋರಿಸುತ್ತಿರುತ್ತದೆ. ಮನೆಗೆ ಬಂದ ಮೇಲೆ ತಿದ್ದಿಕೊಳ್ಳಿ.

ಪ್ರಶ್ನಿಸಿದವರು

ಕೋಣೆಗಳನ್ನು ಈಗಷ್ಟೇ ಕಾದಿರಿಸಿದೆವು, ಗುಹೆಗೆ ಭಾನುವಾರ ಬೆಳಗಿನ ಸಮಯವೂ ಸಿಕ್ಕಿತು. ಪಾಸನ್ನು ಮಗಳೇ ಮುದ್ರಿಸಿ ತನ್ನ ಶಾಲೆಯ ಚೀಲದಲ್ಲಿ ಬೀಗ ಹಾಕಿಟ್ಟಿದ್ದಾಳೆ. ಅವಳದೇ ಕೊನೆಯ ಪ್ರಶ್ನೆ: ಗ್ಯಾರೇಜಿನಲ್ಲಿರುವ ಹಿಮದ ಮೇಲೆ ಜಾರುವ ಪ್ಲಾಸ್ಟಿಕ್ ತಟ್ಟೆ ಅಲ್ಲಿ ನಡೆಯುತ್ತದೆಯೇ?

ಉತ್ತರ 1 ಬರೆದವರು

ಖಂಡಿತ ನಡೆಯುತ್ತದೆ, ಅಲ್ಲಿನ ಅಂಗಡಿಯಲ್ಲಿ ಮಾರುವುದೂ ಅದನ್ನೇ. ಆದರೆ ಮರಳು ಹಿಮದಷ್ಟು ಜಾರುವುದಿಲ್ಲವಾದ್ದರಿಂದ ತಟ್ಟೆಯ ತಳಕ್ಕೆ ಮೇಣ ಉಜ್ಜಬೇಕು, ಮನೆಯಲ್ಲಿರುವ ಮೋಂಬತ್ತಿಯ ತುಂಡಾದರೂ ಸಾಕು. ನಾಲ್ಕೈದು ಸಲ ಜಾರಿದ ಮೇಲೆ ಮತ್ತೆ ಉಜ್ಜಿ. ಗಿಡಗಳಿಲ್ಲದ, ಕೆಳಗೆ ಗಟ್ಟಿ ನೆಲಕ್ಕೆ ಬದಲು ಮೆತ್ತನೆಯ ಮರಳಿರುವ ಇಳಿಜಾರನ್ನು ಆರಿಸಿ, ಮೊದಲ ಸಲ ನೀವೇ ಜಾರಿ ನೋಡಿ.